ಅಂಗಡಿಯ ಪಂಜರವನ್ನು ಕೇಳುವವರು ಯಾರು?

ಪ್ರಶ್ನೆ: ನಮ್ಮೂರಿನ ಅಂಗಡಿಯೊಂದರಲ್ಲಿ ನಾಯಿಮರಿ, ಲವ್ ಬರ್ಡ್ಸ್, ಗಿಳಿಗಳನ್ನು ಇಕ್ಕಟ್ಟು ಪಂಜರದಲ್ಲಿ ಬಿಸಿಲಿಗೇ ಇಟ್ಟಿರುತ್ತಾರೆ. ಕೇಳಿದರೆ ‘ಬೇಕಾದ್ರ ತಗೊಳ್ರಿ, ಇಲ್ಲಾಂದ್ರ ಮುಂದ ಹೋಗ್ರಿ’ ಅಂತಾರೆ. ಏನು ಮಾಡಬಹುದು?
– ಓದುಗರು, ಹಾನಗಲ್

ಉತ್ತರ: ಮೊದಲು ಗಿಳಿಯ ಮಾತು ಮುಗಿಸೋಣ. ನಮ್ಮ ಹೊಲ-ತೋಟಗಳ ಹಸಿರು ಗಿಳಿಯನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬೆಳ್ಳಿ ಪಂಜರದಲ್ಲಿಟ್ಟು ದ್ರಾಕ್ಷಿ ತಿನ್ನಿಸಿದರೂ ಅಪರಾಧವೇ. ನಕ್ಷತ್ರ ಆಮೆಗೂ ಇದೇ ಕಟ್ಟಳೆ. ಅಂಗಡಿಯವರೊಡನೆ ವಾದ ಬೇಡ, ವಲಯ ಅರಣ್ಯಾಧಿಕಾರಿಗೆ ತಿಳಿಸಿ.

ನಾಯಿಮರಿ, ಲವ್ ಬರ್ಡ್ಸ್ ಕಥೆ ಬೇರೆ. ಅವನ್ನು ಮಾರುವುದು ತಪ್ಪಲ್ಲ, ಹಾಗೆ ಇಡುವುದು ತಪ್ಪು. ಮೈ ಹೊರಳಿಸಲಾಗದ ಪಂಜರ, ಸಾಕಷ್ಟು ಮೇವು-ನೀರು ಕೊಡದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಹಿಂಸೆಯೇ. ಆದರೆ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ! ಇಬ್ಬರು ಕೂತು ಗಿರಮಿಟ್ಟು-ಮಿರ್ಚಿ ತಿಂದರೆ ಅದಕ್ಕಿಂತ ಹೆಚ್ಚಾಗುತ್ತದೆ. ಇದಕ್ಕೆ ಯಾವ ವ್ಯಾಪಾರಿಯೂ ಹೆದರುವುದಿಲ್ಲ.

ಹೆದರುವುದು ಪರವಾನಗಿಗೆ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಇಲ್ಲದೆ ಇಂಥ ಅಂಗಡಿ ನಡೆಸುವಂತಿಲ್ಲ. ಎಂಟು ವಾರ ತುಂಬದ ನಾಯಿಮರಿ ಮಾರುವಂತಿಲ್ಲ. ನಿಯಮ ಮೀರಿದರೆ ನೋಂದಣಿ ರದ್ದಾಗಬಹುದು. ಹಾಗಾಗಿ ‘ಪಾಪ, ನೀರಿಡ್ರಿ’ ಅನ್ನುವ ಬದಲು ‘ನೋಂದಣಿ ಪತ್ರ ಎಲ್ಲಿ?’ ಎಂದು ಕೇಳಿ. ಸಣ್ಣ ಊರುಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ವ್ಯಾಪಾರಿಗೆ ಅದೇ ಧೈರ್ಯ.

ದಿನಾಂಕ, ವೇಳೆ ಸಹಿತ ಫೋಟೊ ತೆಗೆದಿಡಿ. ತಾಲ್ಲೂಕು ಪಶು ಆಸ್ಪತ್ರೆಯ ಸಹಾಯಕ ನಿರ್ದೇಶಕರಿಗೆ ಲಿಖಿತ ದೂರು ಕೊಟ್ಟು, ಒಂದು ಪ್ರತಿಯನ್ನು ಹಾವೇರಿಯ ಜಿಲ್ಲಾಧಿಕಾರಿಗೆ ಕಳಿಸಿ. ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ ಅವರೇ ಅಧ್ಯಕ್ಷರು. ಸ್ವೀಕೃತಿ ಸಹಿ ಮರೆಯಬೇಡಿ. ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಲ್ಲೂ ಇಂಥ ಅಂಗಡಿ ಕಂಡವರಿದ್ದರೆ ಅವರ ದೂರೂ ಅದೇ ಮೇಜಿಗೇ ಹೋಗುತ್ತದೆ. ನಾಲ್ಕು ತಾಲ್ಲೂಕಿನಿಂದ ಬಂದ ಕಾಗದವನ್ನು ಮೂಲೆಗೆ ತಳ್ಳುವುದು ಕಷ್ಟ.

ಕನಿಕರಪಟ್ಟು ಕೊಳ್ಳಲು ಮಾತ್ರ ಹೋಗಬೇಡಿ. ನೀವು ಒಂದನ್ನು ಬಿಡಿಸಿದರೆ ನಿಮ್ಮ ದುಡ್ಡಿನಿಂದಲೇ ಇನ್ನೆರಡು ಬಂದು ಕೂರುತ್ತವೆ. ಕೊಂಡ ಲವ್ ಬರ್ಡ್ಸನ್ನು ಆಕಾಶಕ್ಕೆ ಹಾರಿಬಿಡುವುದೂ ಪುಣ್ಯವಲ್ಲ. ಪಂಜರದಲ್ಲೇ ಹುಟ್ಟಿದ ಪರದೇಶಿ ಹಕ್ಕಿಗಳು ಕಾಗೆ, ಬೆಕ್ಕುಗಳ ಪಾಲಾಗುತ್ತವೆ.

ಮರಿಯೊಂದು ವಾಂತಿ, ರಕ್ತಭೇದಿಯಿಂದ ಬಿದ್ದಿದ್ದರೆ ದೂರಿನ ದಾರಿ ಕಾಯಬೇಡಿ. ಅದು ಪಾರ್ವೊ ಇರಬಹುದು, ಪಕ್ಕದ ಮರಿಗಳಿಗೂ ಹಬ್ಬುತ್ತದೆ. ಪಶುವೈದ್ಯರನ್ನು ಅಂಗಡಿಗೇ ಕರೆತನ್ನಿ. ಅವರು ಕಂಡದ್ದನ್ನು ಬರೆದುಕೊಟ್ಟರೆ ನಿಮ್ಮ ಹತ್ತು ಫೋಟೊಗಳಿಗಿಂತ ಅದೇ ಗಟ್ಟಿ ಸಾಕ್ಷಿ.