ಬಂಧನದ ಕಾರಣವನ್ನು ಕೇಳುವ ಹಕ್ಕು

1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯು ಘೋಷಿತವಾದ ತರುವಾಯ, ರೈಲುಗಳು ವೇಳೆಗೆ ಸರಿಯಾಗಿ ಬರುತ್ತಿವೆಯೆಂದೂ, ಗುಮಾಸ್ತರು ಹೊತ್ತಿಗೆ ಮುನ್ನವೇ ಕಚೇರಿಯಲ್ಲಿರುತ್ತಾರೆಂದೂ, ಮುಷ್ಕರಗಳ ಗದ್ದಲವು ಅಡಗಿತೆಂದೂ ಸಂತೋಷಪಟ್ಟವರಲ್ಲಿ ವಿದ್ಯಾವಂತರೇನೂ ವಿರಳರಾಗಿರಲಿಲ್ಲ. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಅಡ್ವಾಣಿ, ಮಧು ದಂಡವತೆ ಮೊದಲಾದ ವಿರೋಧಪಕ್ಷದ ನಾಯಕರು ವಿಚಾರಣೆಯಿಲ್ಲದೆ ಬಂಧಿತರಾಗಿದ್ದುದಾಗಲಿ, ಅದೇ ಸೆರೆಯಲ್ಲಿ ಆಸ್ತಮಾದಿಂದ ಜರ್ಜರಿತರಾದ ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರು ಬಿಡುಗಡೆಯ ಬೆನ್ನಿಗೇ, 1977ರ ಜನವರಿಯಲ್ಲಿ, ತೀರಿಕೊಂಡುದಾಗಲಿ, ಆ ಸಂತೋಷಕ್ಕೆ ಅಷ್ಟಾಗಿ ಭಂಗವನ್ನು ತರಲಿಲ್ಲ.

ಸಾಮಾನ್ಯ ಜನರನ್ನಷ್ಟೇ ದೂಷಿಸುವುದು ನ್ಯಾಯವಲ್ಲ. ಬಂಧನದ ಸಕ್ರಮತೆಯನ್ನು ನ್ಯಾಯಾಲಯವು ಪರಿಶೀಲಿಸಬೇಕೆಂದು ಕೋರುವ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ಆಲಿಸಬಹುದೆಂದು ಒಂಬತ್ತು ಹೈಕೋರ್ಟುಗಳು ಹೇಳಿದ್ದರೂ, 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಆ ಬಾಗಿಲನ್ನು ಮುಚ್ಚಿದರು. ಪೊಲೀಸನೊಬ್ಬನು ಸ್ವಂತ ದ್ವೇಷದಿಂದ ಒಬ್ಬನನ್ನು ಕೊಂದರೂ ಪರಿಹಾರವಿಲ್ಲವೆ ಎಂದು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರು ವಿಚಾರಣೆಯಲ್ಲಿ ಕೇಳಲಾಗಿ, ತುರ್ತುಪರಿಸ್ಥಿತಿ ಇರುವ ತನಕ ಇಲ್ಲವೆಂದು ಅಟಾರ್ನಿ ಜನರಲ್ ನಿರೇನ್ ಡೇ ಅವರು ಒಪ್ಪಿಕೊಂಡರು. ಭಿನ್ನತೀರ್ಪನ್ನಿತ್ತವರು ಖನ್ನಾ ಒಬ್ಬರೇ, ಮುಖ್ಯ ನ್ಯಾಯಮೂರ್ತಿಯ ಪದವಿ ಅವರಿಗೆ ತಪ್ಪಿದುದೂ ಸರ್ವವಿದಿತ. ನಾಲ್ವರಲ್ಲೊಬ್ಬರಾದ ಪಿ. ಎನ್. ಭಗವತಿಯವರು ದಶಕಗಳ ಮೇಲೆ ಪಶ್ಚಾತ್ತಾಪವನ್ನು ಬಹಿರಂಗವಾಗಿ ನುಡಿದರು. ಆದರೆ ಸೆರೆಯಲ್ಲಿ ಕಳೆದುಹೋದ ತಿಂಗಳುಗಳು ಯಾರ ಪಶ್ಚಾತ್ತಾಪದಿಂದಲೂ ಮರಳಿ ಬರುವಂಥವಲ್ಲ.

1978ರ 44ನೆಯ ತಿದ್ದುಪಡಿಯು ಜೀವ ಮತ್ತು ಸ್ವಾತಂತ್ರ್ಯದ 21ನೆಯ ಅನುಚ್ಛೇದವನ್ನು ತುರ್ತುಪರಿಸ್ಥಿತಿಯಲ್ಲಿಯೂ ಅಮಾನತಿನಲ್ಲಿಡದಂತೆ ಭದ್ರಪಡಿಸಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, 2017ರಲ್ಲಿ, 1976ರ ಆ ತೀರ್ಪೂ ರದ್ದಾಯಿತು.

ಇಷ್ಟಾದರೂ, ಈ ರಕ್ಷಣೆಯು ಬಳಕೆಗೆ ಬರುವುದು ಠಾಣೆಯ ಬಾಗಿಲಲ್ಲಿ ಬಂಧಿತನೋ ಅವನ ಮನೆಯವರೋ ಬಾಯಿ ತೆರೆದಾಗಲೇ. “ಸುಮ್ಮನೆ ಸ್ಟೇಷನ್ನಿಗೆ ಬಂದು ಹೋಗಿ” ಎಂಬ ಕರೆ ಬಂದಲ್ಲಿ ಲಿಖಿತ ನೋಟೀಸನ್ನು ಕೇಳಬಹುದು. ಬಂಧಿಸಿದರೆ ಕಾರಣವನ್ನು ತಿಳಿಸತಕ್ಕದ್ದು, ಬಂಧುಮಿತ್ರರಿಗೆ ಸುದ್ದಿ ಮುಟ್ಟಿಸತಕ್ಕದ್ದು. ಬಂಧನದ ಮೆಮೊಗೆ ಸಾಕ್ಷಿಯ ರುಜುವಿರಬೇಕು, ಬಂಧಿತನ ಮರುರುಜುವೂ ಇರಬೇಕು. ಅದರಲ್ಲಿ ನಮೂದಿಸಿದ ವೇಳೆಯನ್ನು ಓದಿನೋಡದೆ ರುಜು ಹಾಕಬಾರದು. ಪ್ರಯಾಣಕಾಲವನ್ನು ಕಳೆದು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ ಲೆಕ್ಕಕ್ಕೆ ಆ ವೇಳೆಯೇ ಮುಖ್ಯ ಆಧಾರ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಅಂಜಬೇಕಾದುದಿಲ್ಲ: ಬಂಧನದಲ್ಲಿರುವವನ ಆದಾಯವೆಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಉಚಿತ ನೆರವಿಗೆ ಅವನು ಅರ್ಹ, ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನಾಗಲಿ 15100 ದೂರವಾಣಿಯನ್ನಾಗಲಿ ಆಶ್ರಯಿಸಬಹುದು.

ಅಪರಾಧವು ನಡೆಯುವ ಮುನ್ನವೇ ಅದನ್ನು ತಡೆಯಲೆಂದು ಮಾಡುವ ಮುನ್ನೆಚ್ಚರಿಕೆಯ ಬಂಧನಕ್ಕೆ ಮಾತ್ರ 24 ಗಂಟೆಗಳ ನಿಯಮವು ಅನ್ವಯಿಸುವುದಿಲ್ಲ. ತುರ್ತುಪರಿಸ್ಥಿತಿಯ ಕಾಲದ ಮೀಸಾ (ಆಂತರಿಕ ಭದ್ರತೆ ಪಾಲನೆ) ಕಾಯಿದೆಯ ಬಂಧನಗಳೂ ಈ ಬಗೆಯವೇ. ಅಲ್ಲಿಯೂ ಕಾರಣಗಳನ್ನು ಆದಷ್ಟು ಬೇಗನೆ ತಿಳಿಸಿ ಮನವಿಗೆ ಅವಕಾಶವೀಯಬೇಕು; ಮೂರು ತಿಂಗಳನ್ನು ಮೀರಬೇಕಾದರೆ ಸಲಹಾ ಮಂಡಳಿಯ ಅಭಿಪ್ರಾಯ ಬೇಕು. ಬಂಧನವು ಅಕ್ರಮವೆಂದು ತೋರಿದಲ್ಲಿ ಹೆಂಡತಿಯಾಗಲಿ ಸ್ನೇಹಿತನಾಗಲಿ ಬೆಂಗಳೂರು, ಧಾರವಾಡ, ಕಲಬುರಗಿಗಳಲ್ಲಿರುವ ಹೈಕೋರ್ಟಿನ ಪೀಠಕ್ಕೆ 226ನೆಯ ಅನುಚ್ಛೇದದನ್ವಯ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಸಲ್ಲಿಸಬಹುದು. ಆ ಮೇಲೆ ಬಂಧನವನ್ನು ಸಮರ್ಥಿಸುವ ಹೊಣೆ ಸರ್ಕಾರದ್ದು.