ವಾಹನ ನಡೆಸಲು ತಕ್ಕ ವಯಸ್ಸು ಯಾವುದು?

ಪಾಠದ ಉದ್ದೇಶ: ಮಕ್ಕಳ ಕೈಗೆ ವಾಹನವನ್ನು ಯಾವ ವಯಸ್ಸಿನಲ್ಲಿ ಒಪ್ಪಿಸಬೇಕು, ಅದಕ್ಕೆ ಮೊದಲೇ ಒಪ್ಪಿಸಿದರೆ ಕುಟುಂಬಕ್ಕೆ ಒದಗುವ ಹಾನಿ ಯಾವುದು, ಆ ವಯಸ್ಸು ಬರುವವರೆಗೆ ಅವರಿಗೆ ಏನನ್ನು ಕಲಿಸಬಹುದು ಎಂಬುದನ್ನು ತಾಯಿತಂದೆಯರು ತಿಳಿದುಕೊಳ್ಳುವುದು.

ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವುದು ಮಾತ್ರವಲ್ಲ. ಹುಟ್ಟಿದ ಮಗು ಆರೋಗ್ಯದಿಂದ ಬೆಳೆದು ಪ್ರಾಯಕ್ಕೆ ಬರುವಂತೆ ನೋಡಿಕೊಳ್ಳುವುದೂ ಅದರಲ್ಲಿ ಸೇರಿದೆ. ಲಸಿಕೆ ಹಾಕಿಸಿ, ಪೌಷ್ಟಿಕ ಆಹಾರ ಉಣಿಸಿ, ಶಾಲೆಗೆ ಕಳುಹಿಸಿ ಹದಿನೈದು ವರ್ಷ ಜೋಪಾನ ಮಾಡಿದ ಮಗನನ್ನು ಒಂದು ಸಂಜೆಯ ಅಜಾಗರೂಕತೆಯಿಂದ ಕಳೆದುಕೊಳ್ಳುವ ಮನೆಗಳು ನಮ್ಮ ನಡುವೆ ಇವೆ. ವಿಶ್ವ ಆರೋಗ್ಯ ಸಂಸ್ಥೆಯು 2023 ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 5 ರಿಂದ 29 ವರ್ಷದೊಳಗಿನವರ ಸಾವಿಗೆ ಜಗತ್ತಿನಲ್ಲಿ ಮೊದಲನೆಯ ಕಾರಣ ರಸ್ತೆ ಅಪಘಾತ. ಭಾರತ ಒಂದರಲ್ಲಿಯೇ 2022 ರಲ್ಲಿ 1,68,491 ಜನರು ರಸ್ತೆಯಲ್ಲಿ ಪ್ರಾಣ ಕಳೆದುಕೊಂಡರು. ಆದುದರಿಂದ ವಾಹನ ನಡೆಸುವ ವಯಸ್ಸಿನ ಪ್ರಶ್ನೆಯು ಪೊಲೀಸರಿಗೆ ಮಾತ್ರ ಸಂಬಂಧಪಟ್ಟ ಪ್ರಶ್ನೆಯಲ್ಲ; ಅದು ಆರೋಗ್ಯದ ಪ್ರಶ್ನೆಯೂ ಹೌದು.

ನಮ್ಮ ತಾಲ್ಲೂಕುಗಳ ಪರಿಸ್ಥಿತಿ

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳು ಕಲಬುರಗಿ ಜಿಲ್ಲೆಯ ಒಕ್ಕಲುತನದ ಸೀಮೆಗಳು. ಕಪ್ಪುಮಣ್ಣಿನ ಹೊಲಗಳಲ್ಲಿ ತೊಗರಿ, ಜೋಳ; ನೀರಿನ ಆಸರೆ ಇರುವಲ್ಲಿ ಕಬ್ಬು. ಸುಗ್ಗಿಯ ಕಾಲದಲ್ಲಿ ಕಬ್ಬಿನ ಹೊರೆ ಹೊತ್ತ ಟ್ರ್ಯಾಕ್ಟರುಗಳು ಕಾರ್ಖಾನೆಯ ದಾರಿ ಹಿಡಿಯುತ್ತವೆ. ಜೇವರ್ಗಿಯ ಮೂಲಕ 50ನೆಯ ರಾಷ್ಟ್ರೀಯ ಹೆದ್ದಾರಿ ಹಾದುಹೋಗುತ್ತದೆ. ಆಳಂದದಿಂದ ಮಹಾರಾಷ್ಟ್ರದ ಗಡಿಯ ಕಡೆಗೆ ಸದಾ ಸಂಚಾರವಿರುತ್ತದೆ. ಹುಣ್ಣಿಮೆಯ ದಿನ ದೇವಲ ಗಾಣಗಾಪುರಕ್ಕೆ ಬರುವ ಭಕ್ತರ ವಾಹನಗಳಿಂದ ಅಫಜಲಪುರದ ರಸ್ತೆಗಳು ತುಂಬುತ್ತವೆ. ಇಂಥ ರಸ್ತೆಗಳಿಗೆ ಹೊಲದ ಹಾದಿಯಿಂದ ನೇರವಾಗಿ ಏರಿಬರುವ ಮೋಟಾರ್ ಸೈಕಲ್ಲಿನ ಮೇಲೆ ಒಂಬತ್ತನೆಯ ತರಗತಿಯ ಹುಡುಗ ಕುಳಿತಿರುವುದನ್ನು ನಾವೆಲ್ಲರೂ ಕಂಡಿದ್ದೇವೆ.

ಅದಕ್ಕೆ ಕಾರಣಗಳಿಲ್ಲವೆಂದಲ್ಲ. ಊರಿಗೆ ಬಸ್ಸು ದಿನಕ್ಕೆ ಎರಡು ಸಲ ಮಾತ್ರ ಬರಬಹುದು. ಅಜ್ಜಿಗೆ ಔಷಧಿ ತರಬೇಕು, ಹೊಲಕ್ಕೆ ಬುತ್ತಿ ಮುಟ್ಟಿಸಬೇಕು, ಡೈರಿಗೆ ಹಾಲು ಒಯ್ಯಬೇಕು. ಆಳುಗಳು ಸಿಗುವುದಿಲ್ಲ. ಹುಡುಗನಾದರೋ, "ಯಪ್ಪಾ, ನನ್ನ ಕಾಲು ಬ್ರೇಕಿಗಿ ಮುಟ್ಟತಾವ" ಎನ್ನುತ್ತಾನೆ. ತಂದೆಗೂ ಒಳಗೊಳಗೆ ಹೆಮ್ಮೆ. ಹೀಗೆ ಮನೆಯ ಅಗತ್ಯ ಮತ್ತು ಮನಸ್ಸಿನ ಪ್ರೀತಿ ಎರಡೂ ಸೇರಿ ಕೀಲಿಕೈ ಮಗನ ಕೈ ಸೇರುತ್ತದೆ.

ಕಾಲು ಮುಟ್ಟಿದರೆ ಸಾಕೆ?

ಒಕ್ಕಲಿಗನು ಹೋರಿಯ ಮೈಕಟ್ಟನ್ನು ಮಾತ್ರ ನೋಡಿ ಅದನ್ನು ಹೊರೆಬಂಡಿಗೆ ಹೂಡುವುದಿಲ್ಲ. ಬಾಯಿ ತೆರೆದು ಹಲ್ಲು ನೋಡುತ್ತಾನೆ. ಮೊದಲು ಬರಿಯ ನೊಗ ಹೊರಿಸಿ ನಡೆಸುತ್ತಾನೆ. ಪಳಗಿದ ಎತ್ತಿನ ಜೊತೆಗೆ ಕಟ್ಟುತ್ತಾನೆ. ಬಹಳ ದಿನಗಳಾದ ಮೇಲೆ ಭಾರ ಹೇರುತ್ತಾನೆ. ದನದ ವಿಷಯದಲ್ಲಿ ತೋರುವ ಈ ವಿವೇಕವನ್ನು ಮಗನ ವಿಷಯದಲ್ಲಿ ತೋರದಿರುವುದು ಸರಿಯೆ?

ವಾಹನ ನಡೆಸಲು ಮೂರು ಶಕ್ತಿಗಳು ಬೇಕು. ಮೊದಲನೆಯದು ದೇಹದ ಶಕ್ತಿ: ಭಾರವಾದ ವಾಹನವನ್ನು ಹಿಡಿದು ನಿಲ್ಲಿಸಬಲ್ಲ ಕೈಕಾಲುಗಳು. ಎರಡನೆಯದು ಇಂದ್ರಿಯಗಳ ಶಕ್ತಿ: ದೂರದ ವಸ್ತುವನ್ನು ಸ್ಪಷ್ಟವಾಗಿ ಕಾಣುವ ಕಣ್ಣು, ಹಿಂದಿನ ಸದ್ದನ್ನು ಗುರುತಿಸುವ ಕಿವಿ. ಮೂರನೆಯದು ವಿವೇಚನೆಯ ಶಕ್ತಿ: ಮುಂದೆ ಏನಾಗಬಹುದು ಎಂಬುದನ್ನು ಊಹಿಸಿ, ಮನಸ್ಸಿನ ಆವೇಗವನ್ನು ತಡೆದು, ತಕ್ಕ ನಿರ್ಧಾರ ಕೈಗೊಳ್ಳುವುದು.

ಮೊದಲನೆಯ ಶಕ್ತಿ ಹದಿನಾಲ್ಕು ಹದಿನೈದಕ್ಕೆ ಬಂದಂತೆ ತೋರುತ್ತದೆ. ಮೂರನೆಯದು ಹಾಗಲ್ಲ. ಆವೇಗವನ್ನು ಹತೋಟಿಯಲ್ಲಿಡುವ ಮಿದುಳಿನ ಮುಂಭಾಗವು ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆಂದು ವೈದ್ಯವಿಜ್ಞಾನ ತಿಳಿಸುತ್ತದೆ. ಹದಿಹರೆಯದಲ್ಲಿ ಹೊಸತನದ, ಸಾಹಸದ ಆಸೆ ಪ್ರಬಲವಾಗಿರುತ್ತದೆ. ಅದಕ್ಕೆ ಕಡಿವಾಣ ಹಾಕುವ ಭಾಗವು ಇನ್ನೂ ಎಳಸಾಗಿರುತ್ತದೆ. ಗೆಳೆಯರು ಹಿಂದೆ ಕುಳಿತಾಗ ಈ ಅಂತರ ಮತ್ತಷ್ಟು ಹೆಚ್ಚುತ್ತದೆ. ಇದು ಹುಡುಗನ ದೋಷವಲ್ಲ, ವಯಸ್ಸಿನ ಸ್ವಭಾವ. ಬುದ್ಧಿವಂತನಾದ, ವಿಧೇಯನಾದ ಹುಡುಗನಿಗೂ ಈ ಮಾತು ಅನ್ವಯಿಸುತ್ತದೆ.

ಒಂದು ಲೆಕ್ಕವನ್ನು ನೋಡಿರಿ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನವು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಚಲಿಸುತ್ತದೆ. ಎಮ್ಮೆಯೊಂದು ಅಡ್ಡ ಬಂದುದನ್ನು ಕಂಡು ಬ್ರೇಕು ಒತ್ತಲು ಒಂದೂವರೆ ಸೆಕೆಂಡು ಬೇಕಾದರೆ, ಬ್ರೇಕು ಹಿಡಿಯುವುದಕ್ಕೆ ಮೊದಲೇ ವಾಹನವು 25 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕು ಹಿಡಿದ ಮೇಲೂ ಅದು ನಿಲ್ಲಲು ಮತ್ತಷ್ಟು ದೂರ ಬೇಕು. ವೇಗ ಎರಡರಷ್ಟಾದರೆ ಈ ದೂರ ನಾಲ್ಕರಷ್ಟಾಗುತ್ತದೆ. ಇದನ್ನು ಬಾಯಿಪಾಠ ಮಾಡುವುದು ಸುಲಭ. ರಸ್ತೆಯ ಮೇಲೆ ನೆನೆದು ವೇಗ ತಗ್ಗಿಸುವುದೇ ಪ್ರೌಢತೆ.

ಕಾನೂನು ಹೇಳುವುದೇನು?

1939ರ ಮೋಟಾರು ವಾಹನ ಅಧಿನಿಯಮವು 18 ವರ್ಷದ ಮಿತಿಯನ್ನು ಇಟ್ಟಿತ್ತು. ಅದರ ಸ್ಥಾನದಲ್ಲಿ ಬಂದ 1988ರ ಅಧಿನಿಯಮದ 4ನೆಯ ಪ್ರಕರಣವೂ ಅದನ್ನೇ ವಿಧಿಸುತ್ತದೆ: 18 ವರ್ಷ ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ನಡೆಸತಕ್ಕದ್ದಲ್ಲ. ಎಂಜಿನ್ ಸಾಮರ್ಥ್ಯ 50 ಸಿ.ಸಿ. ಮೀರದ ಮೋಟಾರ್ ಸೈಕಲ್ಲಿಗೆ ಮಾತ್ರ, ಲೈಸೆನ್ಸಿನೊಡನೆ, 16 ವರ್ಷಕ್ಕೆ ಅವಕಾಶವಿದೆ. ಆದರೆ ನಮ್ಮ ಮನೆಗಳಲ್ಲಿರುವ ಸ್ಕೂಟರು, ಬೈಕುಗಳು ಸಾಮಾನ್ಯವಾಗಿ 100 ಸಿ.ಸಿ. ಅಥವಾ ಅದಕ್ಕೂ ಹೆಚ್ಚಿನವು. ಅವುಗಳಿಗೆ ಈ ರಿಯಾಯಿತಿ ಸಲ್ಲುವುದಿಲ್ಲ. ಲಾರಿ, ಬಸ್ಸು, ಬಾಡಿಗೆ ವಾಹನಗಳಂಥ ಸಾರಿಗೆ ವಾಹನಗಳಿಗೆ 20 ವರ್ಷ ತುಂಬಿರಬೇಕು.

2019ರ ಸೆಪ್ಟೆಂಬರ್ 1 ರಿಂದ ಜಾರಿಗೆ ಬಂದ ತಿದ್ದುಪಡಿಯು ಹೊಣೆಯನ್ನು ಹಿರಿಯರ ಮೇಲೆ ಹೊರಿಸಿದೆ. 18 ತುಂಬದವನು ವಾಹನ ನಡೆಸಿ ಅಪರಾಧವೆಸಗಿದರೆ, 199ಎ ಪ್ರಕರಣದ ಮೇರೆಗೆ ಪೋಷಕನನ್ನು ಅಥವಾ ವಾಹನದ ಒಡೆಯನನ್ನು ತಪ್ಪಿತಸ್ಥನೆಂದು ಭಾವಿಸಲಾಗುವುದು. ತನಗೆ ತಿಳಿಯದೆ ನಡೆಯಿತು ಅಥವಾ ತಡೆಯಲು ತಕ್ಕ ಎಚ್ಚರ ವಹಿಸಿದ್ದೆ ಎಂಬುದನ್ನು ಅವನೇ ಸಿದ್ಧಪಡಿಸಬೇಕು. ಶಿಕ್ಷೆ 3 ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ದೊರೆಯುವುದಿಲ್ಲ. ಅಪಘಾತದಲ್ಲಿ ಇನ್ನೊಬ್ಬರಿಗೆ ಹಾನಿಯಾದರೆ, ವಿಮಾ ಕಂಪನಿಯು ತೆತ್ತ ಪರಿಹಾರವನ್ನು ಒಡೆಯನಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಮಂಡಳಿಯು ಆದೇಶಿಸಬಹುದು. ಒಂದು ಬುತ್ತಿ ಮುಟ್ಟಿಸುವ ಅನುಕೂಲಕ್ಕಾಗಿ ಎರಡೆಕರೆ ಹೊಲ ಮಾರುವ ಪ್ರಸಂಗ ಬರಬಾರದು.

"ನಮ್ಮ ಹೊಲದಲ್ಲಿ ನಡೆಸಿದರೆ ಯಾರೇನು ಕೇಳುತ್ತಾರೆ?"

ಈ ಮಾತನ್ನು ಹಲವರು ಆಡುತ್ತಾರೆ. ಕಾನೂನಿನ ನಿಷೇಧವು ಸಾರ್ವಜನಿಕ ಸ್ಥಳಕ್ಕೆ ಸಂಬಂಧಿಸಿದ್ದು, ನಿಜ. ಆದರೆ ಟ್ರ್ಯಾಕ್ಟರಿಗೆ ಹೊಲವಾವುದು ರಸ್ತೆಯಾವುದು ಎಂಬ ಭೇದವಿಲ್ಲ. ಒಡ್ಡು ಏರುವಾಗ, ಹಳ್ಳದ ದಂಡೆಯಲ್ಲಿ ತಿರುಗಿಸುವಾಗ ಅದು ಪಕ್ಕಕ್ಕೆ ಉರುಳಬಹುದು. ಕೆಸರಿನಲ್ಲಿ ಸಿಕ್ಕ ಭಾರವನ್ನು ಒಮ್ಮೆಲೆ ಎಳೆದರೆ ಮುಂಭಾಗವು ಮೇಲೆದ್ದು ಹಿಂದಕ್ಕೆ ಮಗುಚಬಹುದು. ಆಗ ಚಾಲಕನಿಗೆ ಹಾರಿಕೊಳ್ಳಲು ಸಮಯವಿರುವುದಿಲ್ಲ. ಯಂತ್ರಕ್ಕೆ ಶಕ್ತಿ ಕೊಡುವ ಹಿಂದಿನ ತಿರುಗುದಂಡಕ್ಕೆ ಪಂಚೆ, ಟವೆಲು, ಸೀರೆಯ ಸೆರಗು ಸಿಕ್ಕರೆ ಕ್ಷಣದಲ್ಲಿ ದೇಹವನ್ನೇ ಎಳೆದುಕೊಳ್ಳುತ್ತದೆ. ಮಡ್‌ಗಾರ್ಡಿನ ಮೇಲೆ ಕುಳಿತ ತಮ್ಮನೋ ತಂಗಿಯೋ ಒಂದು ಕುಲುಕಿಗೆ ಗಾಲಿಯಡಿ ಬೀಳುತ್ತಾರೆ. ಮೇಲಾಗಿ, ಹೊಲದಿಂದ ಮನೆಗೆ ಬರುವ ದಾರಿ ಸಾರ್ವಜನಿಕ ರಸ್ತೆಯೇ ಆಗಿರುತ್ತದೆ.

ಹಾಗಾದರೆ ಯಾವಾಗ ಏನನ್ನು ಕಲಿಸಬೇಕು?

ಕಲಿಯುವುದು ಬೇರೆ, ನಡೆಸುವುದು ಬೇರೆ. ರಸ್ತೆಯ ಶಿಕ್ಷಣವನ್ನು ಬಾಲ್ಯದಲ್ಲಿಯೇ ಆರಂಭಿಸಬಹುದು.

10 ರಿಂದ 14 ವರ್ಷ: ರಸ್ತೆ ದಾಟುವ ಕ್ರಮ, ಎಡಬದಿಯ ನಿಯಮ, ಸೈಕಲ್ ಸವಾರಿ. ಸೈಕಲ್ಲಿನ ಮೇಲೆ ಕಲಿತ ಸಮತೋಲ ಮತ್ತು ಎಚ್ಚರವು ಮುಂದೆ ಎಲ್ಲ ವಾಹನಗಳಿಗೂ ಬುನಾದಿ.

14 ರಿಂದ 18 ವರ್ಷ: ರಸ್ತೆ ಚಿಹ್ನೆಗಳು, ಗಾಳಿ, ಎಣ್ಣೆ, ಬ್ರೇಕು, ದೀಪಗಳ ತಪಾಸಣೆ, ಹೆಲ್ಮೆಟ್ ಧರಿಸಿ ಹಿರಿಯರ ಹಿಂದೆ ಕುಳಿತು ರಸ್ತೆಯನ್ನು ಗಮನಿಸುವುದು. ಈ ಅವಧಿಯಲ್ಲಿ ಕಣ್ಣಿನ ಪರೀಕ್ಷೆ ಅವಶ್ಯವಾಗಿ ಆಗಬೇಕು. ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಫಲಕವನ್ನು ಗುರುತಿಸಬಲ್ಲಿರಾ ಎಂದು ಲೈಸೆನ್ಸಿನ ಅರ್ಜಿಯೇ ಕೇಳುತ್ತದೆ.

18 ತುಂಬಿದ ಮೇಲೆ: ಕಲಿಕಾ ಲೈಸೆನ್ಸ್ ಪಡೆಯಬೇಕು. ಅದು 6 ತಿಂಗಳು ಚಲಾವಣೆಯಲ್ಲಿರುತ್ತದೆ. 30 ದಿನ ಕಳೆದ ಮೇಲೆ ಚಾಲನಾ ಪರೀಕ್ಷೆಗೆ ಹಾಜರಾಗಬಹುದು. ಅಲ್ಲಿಯವರೆಗೆ ವಾಹನಕ್ಕೆ ಕೆಂಪು ‘ಎಲ್’ ಅಕ್ಷರದ ಫಲಕವಿರಬೇಕು, ಲೈಸೆನ್ಸುಳ್ಳ ಅನುಭವಿಯು ಜೊತೆಗಿರಬೇಕು.

ಮೊದಲನೆಯ ವರ್ಷ: ಲೈಸೆನ್ಸ್ ಕೈಗೆ ಬಂದ ದಿನವೇ ಕಲಿಕೆ ಮುಗಿಯಿತೆಂದು ತಿಳಿಯಬಾರದು. ನ್ಯೂಜಿಲೆಂಡ್ ದೇಶವು 1987 ರಲ್ಲಿ ಹಂತಹಂತವಾಗಿ ಲೈಸೆನ್ಸ್ ನೀಡುವ ಪದ್ಧತಿಯನ್ನು ತಂದಿತು. ಹೊಸ ಚಾಲಕರಿಗೆ ರಾತ್ರಿಯ ಹೊತ್ತು ಒಬ್ಬರೇ ನಡೆಸುವುದಕ್ಕೂ ಗೆಳೆಯರನ್ನು ಕೂರಿಸಿಕೊಳ್ಳುವುದಕ್ಕೂ ಅಲ್ಲಿ ನಿರ್ಬಂಧ ವಿಧಿಸಲಾಯಿತು. ಬಳಿಕ ಅನೇಕ ದೇಶಗಳು ಅದನ್ನು ಅನುಸರಿಸಿದವು. ನಮ್ಮಲ್ಲಿ ಅಂಥ ಕಾನೂನಿಲ್ಲದಿದ್ದರೂ ಮನೆಯ ಹಿರಿಯರು ಇದೇ ನಿಯಮವನ್ನು ಮಾಡಬಹುದು: ಒಂದು ವರ್ಷ ರಾತ್ರಿ ಸವಾರಿ ಬೇಡ, ಮೂವರ ಸವಾರಿ ಎಂದೆಂದಿಗೂ ಬೇಡ, ತುಂಬಿದ ಟ್ರಾಲಿ ಬೇಡ.

ಹೀಗಾಗಿ ಪ್ರಶ್ನೆಗೆ ಉತ್ತರವಿದು: 18 ಎಂಬುದು ಕನಿಷ್ಠ ವಯಸ್ಸು, ಅದು ಬಾಗಿಲು ಮಾತ್ರ. ಅಂದು ಎಲ್ಲರೂ ಸಿದ್ಧರಾಗಿರುತ್ತಾರೆಂದಲ್ಲ. ಅದಕ್ಕೆ ಒಂದು ದಿನ ಮೊದಲೂ ಸಲ್ಲದು. ತಾಳ್ಮೆ ಕಾಣದಿದ್ದರೆ ಮತ್ತೊಂದು ವರ್ಷ ತಡೆದರೂ ನಷ್ಟವಿಲ್ಲ. ಹೆಣ್ಣುಮಕ್ಕಳಿಗೂ ಇದೇ ವಯಸ್ಸಿನಲ್ಲಿ ಕಲಿಸುವುದು ಮೇಲು. ಮನೆಯಲ್ಲಿ ಲೈಸೆನ್ಸುಳ್ಳವರು ಇಬ್ಬರು ಮೂವರಿದ್ದರೆ ಎಳೆಯ ಹುಡುಗನನ್ನು ಕಳುಹಿಸುವ ಅಗತ್ಯವೇ ಬರುವುದಿಲ್ಲ.

ತಂದೆಯ ನಡತೆಯೇ ಮೊದಲನೆಯ ಪಾಠ

ಮಗನು ತಂದೆಯ ಮಾತಿಗಿಂತ ತಂದೆಯ ಸವಾರಿಯನ್ನು ನೋಡಿ ಕಲಿಯುತ್ತಾನೆ. ಹೆಲ್ಮೆಟ್ಟನ್ನು ತೋಳಿಗೆ ಸಿಕ್ಕಿಸಿಕೊಂಡು, ಕಿವಿಗೆ ಫೋನು ಹಚ್ಚಿ, ಕುಡಿದು ವಾಹನ ನಡೆಸುವ ತಂದೆಯ ಉಪದೇಶಕ್ಕೆ ಬೆಲೆಯಿಲ್ಲ. ಹೆಲ್ಮೆಟ್ ಧರಿಸಿದ ಸವಾರರಲ್ಲಿ ತಲೆಯ ಪೆಟ್ಟಿನ ಸಂಭವವು ಸುಮಾರು ಶೇಕಡ 69 ರಷ್ಟೂ ಸಾವಿನ ಸಂಭವವು ಸುಮಾರು ಶೇಕಡ 42 ರಷ್ಟೂ ಕಡಿಮೆಯೆಂದು ಹಲವು ಅಧ್ಯಯನಗಳ ಒಟ್ಟು ಪರಿಶೀಲನೆಯಿಂದ ಕಂಡುಬಂದಿದೆ. ಗಲ್ಲದ ಪಟ್ಟಿ ಬಿಗಿದಿದ್ದರೆ ಮಾತ್ರ ಈ ಪ್ರಯೋಜನ.

ಅಪಘಾತವಾದಲ್ಲಿ

ಆಳಂದ, ಜೇವರ್ಗಿಗಳಿಂದ ಕಲಬುರಗಿಯ ದೊಡ್ಡ ಆಸ್ಪತ್ರೆಗಳಿಗೆ ಸುಮಾರು 40 ಕಿಲೋಮೀಟರ್; ಅಫಜಲಪುರದಿಂದ ಇನ್ನೂ ಹೆಚ್ಚು. ತಲೆಗೆ ಪೆಟ್ಟು ಬಿದ್ದವನಿಗೆ ಮೊದಲ ಒಂದು ಗಂಟೆ ಅಮೂಲ್ಯ. ಕೂಡಲೆ 108 ಅಥವಾ 112 ಕ್ಕೆ ಕರೆ ಮಾಡಿರಿ. ರಕ್ತ ಹರಿಯುವಲ್ಲಿ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಕುತ್ತಿಗೆ, ಬೆನ್ನು ಬಾಗದಂತೆ ನೋಡಿಕೊಳ್ಳಿರಿ. ಪ್ರಜ್ಞೆ ತಪ್ಪಿದವನಿಗೆ ನೀರು ಕುಡಿಸಬೇಡಿರಿ. ನೆರವಾದವರಿಗೆ ಕಾನೂನಿನ ರಕ್ಷಣೆಯಿದೆ, ಹೆದರಬೇಕಾಗಿಲ್ಲ. 2025ರ ಮೇ ತಿಂಗಳಲ್ಲಿ ಪ್ರಕಟವಾದ ಕೇಂದ್ರದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ, 1.5 ಲಕ್ಷ ರೂಪಾಯಿ ಮಿತಿಯೊಳಗೆ, ಹಣ ಕಟ್ಟದೆ ಚಿಕಿತ್ಸೆ ದೊರೆಯುತ್ತದೆ.

ತಾಯಿತಂದೆಯರೇ, ಮಗನು ಕೀಲಿಕೈ ಕೇಳಿದಾಗ "ಇಲ್ಲ" ಎನ್ನುವುದು ಕಷ್ಟ. ಅವನು ಒಂದು ದಿನ ಮುನಿಯಬಹುದು, ಊಟ ಬಿಡಬಹುದು. ಮುನಿಸು ನಾಳೆ ಇಳಿಯುತ್ತದೆ. ಹೋದ ಜೀವ ಮರಳುವುದಿಲ್ಲ.

ಚರ್ಚೆಗೆ ಪ್ರಶ್ನೆಗಳು

1. ವಾಹನ ನಡೆಸಲು ಬೇಕಾದ ಮೂರು ಶಕ್ತಿಗಳು ಯಾವುವು? ಅವುಗಳಲ್ಲಿ ತಡವಾಗಿ ಬರುವುದು ಯಾವುದು?
2. 18 ತುಂಬದ ಮಗನು ವಾಹನ ನಡೆಸಿ ಸಿಕ್ಕಿಬಿದ್ದರೆ ಒಡೆಯನಿಗೆ ಒದಗುವ ಶಿಕ್ಷೆ ಏನು?
3. ನಿಮ್ಮ ಮನೆಯಲ್ಲಿ ಎಳೆಯರು ವಾಹನ ಒಯ್ಯುವ ಕೆಲಸಗಳು ಯಾವುವು? ಅವನ್ನು ಬೇರೆ ರೀತಿಯಲ್ಲಿ ಹೇಗೆ ನಡೆಸಬಹುದು?
4. ನಿಮ್ಮ ಮನೆಯಲ್ಲಿ ಕೀಲಿಕೈಯನ್ನು ಎಲ್ಲಿ ಇಡುತ್ತೀರಿ? ಅದು ಸರಿಯಾದ ಸ್ಥಳವೆ?