ನದಿಯ ಜೊತೆ ಜೋಡಿ ಸೈಕಲ್: ಪಸಾವ್‌ನಿಂದ ವಿಯೆನ್ನಾವರೆಗೆ

ಪಸಾವ್ ಊರಿನಲ್ಲಿ ಬಾಡಿಗೆ ಸೈಕಲ್ ಕೈಗೆ ಬಂದ ಕೂಡಲೇ ಹೊರಟುಬಿಡುವುದು ಬೇಡ. ನದಿದಂಡೆಯ ಖಾಲಿ ಜಾಗದಲ್ಲಿ ಗಂಡ ಹೆಂಡತಿ ಇಬ್ಬರೂ ಹತ್ತು ಸುತ್ತು ಹಾಕಿ ನೋಡಬೇಕು. ನಮ್ಮ ಕಡೆಯ ಬಹುತೇಕ ಸೈಕಲ್‌ಗಳಲ್ಲಿ ಬಲಗೈ ಬ್ರೇಕು ಮುಂದಿನ ಚಕ್ರವನ್ನು ಹಿಡಿಯುತ್ತದೆ. ಅಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವು: ಬಲಗೈಗೆ ಹಿಂದಿನ ಚಕ್ರ, ಎಡಗೈಗೆ ಮುಂದಿನದು. ಕೆಲವು ಸೈಕಲ್‌ಗಳಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೇ ಬ್ರೇಕು ಬೀಳುತ್ತದೆ. ಅಭ್ಯಾಸವಿಲ್ಲದವರು ಸುಮ್ಮನೆ ಪೆಡಲ್ ಹಿಂದಕ್ಕೆ ತಿರುಗಿಸಿ ಗಕ್ಕನೆ ನಿಂತುಬಿಡುತ್ತಾರೆ. ಇದರ ಮೇಲೆ ರಸ್ತೆಯ ಬಲಬದಿಯಲ್ಲಿ ಸಾಗಬೇಕು. ತಲೆಗೆ ಗೊತ್ತಿದ್ದದ್ದು ಕೈಗೆ ಗೊತ್ತಾಗಲು ಅರ್ಧ ಗಂಟೆಯಾದರೂ ಬೇಕು. ಆ ಅರ್ಧ ಗಂಟೆಯನ್ನು ಊರಿನ ಟ್ರಾಫಿಕ್ಕಿನಲ್ಲಿ ಕಳೆಯಬಾರದು.

ಜರ್ಮನಿಯ ಆಗ್ನೇಯ ಮೂಲೆಯಲ್ಲಿರುವ ಪಸಾವ್ ಮೂರು ನದಿಗಳ ಊರು. ಡ್ಯಾನ್ಯೂಬ್, ಇನ್, ಇಲ್ಜ್ ಇಲ್ಲಿ ಕೂಡುತ್ತವೆ. ಆಲ್ಪ್ಸ್‌ನಿಂದ ಬರುವ ಇನ್ ನೀರಿನ ಬಣ್ಣವೇ ಬೇರೆ, ಕಾಡಿನಿಂದ ಇಳಿಯುವ ಇಲ್ಜ್‌ನ ಕಪ್ಪು ಬಣ್ಣವೇ ಬೇರೆ. ಇಲ್ಲಿಂದ ಡ್ಯಾನ್ಯೂಬ್ ಹರಿವಿನ ಗುಂಟ ಆಸ್ಟ್ರಿಯಾದೊಳಗೆ ಸುಮಾರು 320 ಕಿಲೋಮೀಟರ್ ತುಳಿದರೆ ವಿಯೆನ್ನಾ. ಫ್ರಾನ್ಸಿನ ಅಟ್ಲಾಂಟಿಕ್ ಕರಾವಳಿಯಿಂದ ರೊಮೇನಿಯಾದ ಕಪ್ಪು ಸಮುದ್ರದ ತನಕ ಸಾಗುವ ‘ಯೂರೋವೆಲೋ 6’ ಎಂಬ ಮಹಾಮಾರ್ಗದ ಒಂದು ತುಂಡು ಇದು. ಹೊರದೇಶದಲ್ಲಿ ಮೊದಲ ಸಲ ಜೋಡಿಯಾಗಿ ಸೈಕಲ್ ಯಾತ್ರೆ ಮಾಡುವವರಿಗೆ ಇದಕ್ಕಿಂತ ಅನುಕೂಲದ ದಾರಿ ಯೂರೋಪಿನಲ್ಲಿ ಸಿಗುವುದು ಕಷ್ಟ. ದಾರಿ ಬಹುಪಾಲು ಸಮತಟ್ಟು, ನೀರು ಹರಿಯುವ ದಿಕ್ಕಿಗೇ ಪಯಣ, ಗಾಳಿಯೂ ಹೆಚ್ಚಾಗಿ ಪಶ್ಚಿಮದಿಂದ ಬೀಸಿ ಬೆನ್ನಿಗೆ ಆಸರೆಯಾಗುತ್ತದೆ. ಸಾಕಾಯಿತು ಅನ್ನಿಸಿದರೆ ರೈಲು ನಿಲ್ದಾಣ ಬಹಳ ದೂರವಿರುವುದಿಲ್ಲ.

ಜೋಡಿಯಾಗಿ ಹೋಗುವವರಿಗೆ ನಿಜವಾದ ಕಷ್ಟ ದಾರಿಯದ್ದಲ್ಲ, ವೇಗದ್ದು. ಇಬ್ಬರ ಕಾಲಬಲ ಒಂದೇ ಆಗಿರುವುದು ಅಪರೂಪ. ಮುಂದೆ ಹೋದವರು ಮರದಡಿ ಕಾಯುತ್ತ ಕೂತು ದಣಿವಾರಿಸಿಕೊಳ್ಳುತ್ತಾರೆ. ಹಿಂದಿನವರು ಬಂದು ತಲುಪುತ್ತಿದ್ದಂತೆ ಎದ್ದು ಹೊರಡುತ್ತಾರೆ. ಹೀಗಾಗಿ ಯಾರಿಗೆ ವಿಶ್ರಾಂತಿ ಬೇಕೋ ಅವರಿಗೇ ಅದು ಸಿಗುವುದಿಲ್ಲ. ಮೂರನೆಯ ದಿನದ ಹೊತ್ತಿಗೆ ಮಾತು ಕಡಿಮೆಯಾಗುತ್ತದೆ.

ಈ ಸಮಸ್ಯೆಗೆ ಹಳೆಯ ಪರಿಹಾರವೊಂದಿದೆ. ಅಮೆರಿಕದ ಬರಹಗಾರ್ತಿ ಎಲಿಜಬೆತ್ ರಾಬಿನ್ಸ್ ಪೆನೆಲ್ ಮತ್ತು ಚಿತ್ರಕಾರ ಜೋಸೆಫ್ ಪೆನೆಲ್ 1884ರಲ್ಲಿ ಮದುವೆಯಾದರು. ಅದೇ ವರ್ಷ ಇಬ್ಬರೂ ಕೂತು ತುಳಿಯುವ ಮೂರು ಗಾಲಿಯ ಸೈಕಲ್ಲಿನಲ್ಲಿ ಲಂಡನ್‌ನಿಂದ ಕ್ಯಾಂಟರ್‌ಬರಿಗೆ ಹೋದರು, ಆಮೇಲೆ ಇಟಲಿಯ ಫ್ಲಾರೆನ್ಸ್‌ನಿಂದ ರೋಮಿಗೆ. ಆಕೆ ಬರೆದರು, ಆತ ಚಿತ್ರ ಬಿಡಿಸಿದರು. ಒಂದೇ ಗಾಡಿಯಾದ್ದರಿಂದ ಹಿಂದೆ ಬೀಳುವ ಪ್ರಶ್ನೆಯೇ ಇರಲಿಲ್ಲ. ಬೇರೆ ಬೇರೆ ಸೈಕಲ್‌ಗಳಲ್ಲಿ ಹೋಗಿ ಗೆದ್ದವರೂ ಇದ್ದಾರೆ. ಫ್ಯಾನಿ ಬುಲಕ್ ವರ್ಕ್‌ಮನ್ ಮತ್ತು ಆಕೆಯ ಪತಿ ವಿಲಿಯಂ, 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಭಾರತದ ಬಯಲುಗಳನ್ನೆಲ್ಲ ಸೈಕಲ್ ಮೇಲೆ ಸುತ್ತಿ ದೇವಾಲಯಗಳನ್ನು ನೋಡಿದರು. 1904ರಲ್ಲಿ ಬಂದ ಅವರ ಪುಸ್ತಕದ ಉಪಶೀರ್ಷಿಕೆಯಲ್ಲೇ ಹದಿನಾಲ್ಕು ಸಾವಿರ ಮೈಲಿಯ ಲೆಕ್ಕವಿದೆ.

ಇಂದಿನ ಜೋಡಿಗೆ ದಾರಿಗಳು ಇನ್ನೂ ಸುಲಭ. ನಿಧಾನವಾಗಿ ತುಳಿಯುವವರು ಮುಂದಿರಬೇಕು. ಹೆಚ್ಚು ಸಾಮಾನು ಬಲ ಹೆಚ್ಚಿದ್ದವರ ಕ್ಯಾರಿಯರ್‌ಗೆ ಹೋಗಬೇಕು. ಅಂತರ ತೀರಾ ಹೆಚ್ಚಿದ್ದರೆ ಒಬ್ಬರಿಗೆ ಮಾತ್ರ ವಿದ್ಯುತ್ ಸೈಕಲ್ ಬಾಡಿಗೆಗೆ ಪಡೆಯುವುದು ಒಳ್ಳೆಯ ಉಪಾಯ, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಯೂರೋಪಿನ ನಿಯಮದಂತೆ ಈ ಸೈಕಲ್ಲಿನ ಮೋಟಾರು 250 ವ್ಯಾಟಿನದು. ಪೆಡಲ್ ತುಳಿದರೆ ಮಾತ್ರ ನೆರವಾಗುತ್ತದೆ, ಗಂಟೆಗೆ 25 ಕಿಲೋಮೀಟರ್ ದಾಟಿದರೆ ನಿಲ್ಲುತ್ತದೆ.

ಇನ್ನೊಂದು ಎಚ್ಚರಿಕೆ ಈ ನದಿಗೇ ವಿಶೇಷವಾದದ್ದು. ಡ್ಯಾನ್ಯೂಬಿನ ಬಹುಭಾಗದಲ್ಲಿ ಎರಡೂ ದಡದಲ್ಲಿ ಸೈಕಲ್ ದಾರಿಯಿದೆ. ಕವಲಿನಲ್ಲಿ ಕಾಯದೆ ಒಬ್ಬರು ಸೇತುವೆ ದಾಟಿ, ಇನ್ನೊಬ್ಬರು ನೇರ ಹೋದರೆ ಇಬ್ಬರೂ ಆಚೆ ಈಚೆ ದಡದಲ್ಲಿ ಉಳಿಯುತ್ತಾರೆ. ಮುಂದಿನ ಸೇತುವೆಯೋ ದೋಣಿಯೋ ಸಿಗುವ ತನಕ ಒಂದಾಗುವಂತಿಲ್ಲ. ಹಾಗಾಗಿ ಎಲ್ಲ ಕವಲಿನಲ್ಲೂ, ಎಲ್ಲ ದೋಣಿಕಟ್ಟೆಯಲ್ಲೂ ನಿಂತು ಕಾಯುವುದು ಮೊದಲ ದಿನದ ಕರಾರಾಗಬೇಕು. ನೀರು, ಮಳೆಅಂಗಿ, ಸ್ವಲ್ಪ ನಗದು, ಪಾಸ್‌ಪೋರ್ಟಿನ ನಕಲು ಇಬ್ಬರ ಬಳಿಯೂ ಪ್ರತ್ಯೇಕವಾಗಿರಲಿ. ತುರ್ತಿಗೆ ಯೂರೋಪಿನಾದ್ಯಂತ 112.

ಹೊರಡುವ ಮೊದಲಿನ ತಾಲೀಮು ಊರಲ್ಲೇ ಆಗಲಿ. ಒಂದು ದಿನ 40 ಕಿಲೋಮೀಟರ್ ತುಳಿಯುವುದು ಯಾರಿಗೂ ಆದೀತು. ಮರುದಿನ ಬೆಳಿಗ್ಗೆ ಅದೇ ಸೀಟಿನ ಮೇಲೆ ಮತ್ತೆ ಕೂರುವುದೇ ಪರೀಕ್ಷೆ. ಮೈಸೂರಿನ ಜೋಡಿಯಾದರೆ ಶನಿವಾರ ಸಾಮಾನು ಕಟ್ಟಿಕೊಂಡು ಮೇಲುಕೋಟೆಗೆ ಹೋಗಿ ಉಳಿದು ಭಾನುವಾರ ವಾಪಸಾಗಲಿ. ಕೊನೆಯ ಏರು ಎಲ್ಲವನ್ನೂ ಹೇಳುತ್ತದೆ.

ವೀಸಾ ವಿಷಯ. ಜರ್ಮನಿ, ಆಸ್ಟ್ರಿಯಾ ಎರಡೂ ಷೆಂಗೆನ್ ವಲಯದವು, ಒಂದೇ ವೀಸಾ ಸಾಕು. ಆದರೆ ಹೆಚ್ಚು ರಾತ್ರಿ ಯಾವ ದೇಶದಲ್ಲೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಮ್ಯೂನಿಕ್‌ನಲ್ಲಿ ಇಳಿದರೂ ಈ ಯಾತ್ರೆಗೆ ಅದು ಆಸ್ಟ್ರಿಯಾ. ದಂಪತಿಯಾದರೂ ಅರ್ಜಿ ಇಬ್ಬರದ್ದೂ ಬೇರೆ. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ ತಲಾ 90 ಯೂರೋ, ಸೇವಾ ಕೇಂದ್ರದ ಶುಲ್ಕ ಅದರ ಮೇಲೆ. ಪ್ರವಾಸಕ್ಕೆ ಆರು ತಿಂಗಳು ಮೊದಲೇ ಅರ್ಜಿ ಸಲ್ಲಿಸಬಹುದು, ಕನಿಷ್ಠ 15 ದಿನ ಮೊದಲು ಸಲ್ಲಿಸಲೇಬೇಕು. ಕನಿಷ್ಠ 30,000 ಯೂರೋ ವೆಚ್ಚ ಭರಿಸುವ ವೈದ್ಯಕೀಯ ವಿಮೆ ಕಡ್ಡಾಯ. ಅದು ಸೈಕಲ್ ಅಪಘಾತವನ್ನೂ ಒಳಗೊಳ್ಳುತ್ತದೆಯೇ ಎಂದು ಷರತ್ತುಗಳನ್ನು ಓದಿ ನೋಡಬೇಕು. ಪ್ರತಿ ರಾತ್ರಿಯ ತಂಗುದಾಣವನ್ನು ತೋರಿಸಬೇಕಾದ್ದರಿಂದ, ದಂಡವಿಲ್ಲದೆ ರದ್ದು ಮಾಡಬಹುದಾದ ಕೋಣೆಗಳನ್ನೇ ಕಾದಿರಿಸುವುದು ಜಾಣತನ. ಮಳೆ ಬಂದರೆ ಯೋಜನೆ ಬದಲಾಗುತ್ತದೆ.

ಇಷ್ಟು ಚಿಕ್ಕ ಯಾತ್ರೆಗೆ ಸ್ವಂತ ಸೈಕಲ್ ಬಿಚ್ಚಿ ಪೆಟ್ಟಿಗೆಗೆ ತುಂಬಿ ವಿಮಾನಕ್ಕೆ ಹಾಕುವುದು ಶ್ರಮಕ್ಕೆ ತಕ್ಕದ್ದಲ್ಲ. ಪಸಾವ್‌ನಲ್ಲಿ ಪಡೆದು ವಿಯೆನ್ನಾದಲ್ಲಿ ಒಪ್ಪಿಸುವಂತೆ ಬಾಡಿಗೆಗೆ ಸಿಗುತ್ತವೆ. ಸೈಕಲ್‌ಗಳ ಜೊತೆಗೆ ಪಕ್ಕದ ಚೀಲ, ಬೀಗ, ಪಂಕ್ಚರ್ ಸಾಮಾನನ್ನೂ ಕೇಳಿ ಪಡೆಯಬೇಕು. ದೊಡ್ಡ ಸೂಟ್‌ಕೇಸನ್ನು ಪ್ರತಿದಿನ ಮುಂದಿನ ವಸತಿಗೆ ತಲುಪಿಸುವ ಸೇವೆಯೂ ಇದೆ. ನಡುವೆ ರೈಲು ಹತ್ತುವುದಾದರೆ ಸೈಕಲ್ಲಿಗೂ ಟಿಕೆಟ್ ಬೇಕು. ದೂರದ ಎಕ್ಸ್‌ಪ್ರೆಸ್ ರೈಲುಗಳಲ್ಲಿ ಸೈಕಲ್ ಜಾಗ ಕೆಲವೇ, ಮೊದಲೇ ಕಾದಿರಿಸಬೇಕು. ಪ್ಯಾಸೆಂಜರ್ ರೈಲುಗಳೇ ಸುಲಭ.

ಮೇ ಕೊನೆಯಿಂದ ಜೂನ್ ಮತ್ತು ಸೆಪ್ಟೆಂಬರ್ ಒಳ್ಳೆಯ ಕಾಲ. ಜುಲೈ, ಆಗಸ್ಟ್‌ನಲ್ಲಿ ಜನಸಂದಣಿ, ಬಿಸಿಲೂ ಜೋರು. ನದಿಯ ಸಿಟ್ಟನ್ನೂ ಮರೆಯಬಾರದು. 2013ರ ಜೂನ್‌ನಲ್ಲಿ ಪಸಾವ್‌ನಲ್ಲಿ ನೀರು 12.89 ಮೀಟರ್‌ಗೆ ಏರಿತ್ತು, 1501ರ ನಂತರ ಅಷ್ಟು ಎತ್ತರದ ಪ್ರವಾಹ ಬಂದಿರಲಿಲ್ಲ. ಪುರಭವನದ ಗೋಡೆಯ ಮೇಲೆ ಹಳೆಯ ಪ್ರವಾಹಗಳ ಗುರುತುಗಳಿವೆ. ಹೊರಡುವ ಮುನ್ನ ತಲೆಯೆತ್ತಿ ನೋಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ಕೆಳ ಆಸ್ಟ್ರಿಯಾ ಪ್ರಾಂತ್ಯದಲ್ಲಿ ಭಾರಿ ಪ್ರವಾಹ ಬಂತು. ಜೋರು ಮಳೆಯ ವಾರದಲ್ಲಿ ದಂಡೆಯ ದಾರಿ ತೆರೆದಿದೆಯೇ ಎಂದು ವಸತಿಯವರನ್ನು ಕೇಳಿಯೇ ಮುಂದುವರಿಯಬೇಕು.

ಏಳು ದಿನ ತುಳಿತ, ಎರಡು ದಿನ ಬಿಡುವು ಎಂದಿಟ್ಟುಕೊಂಡರೆ ದಿನಕ್ಕೆ 35ರಿಂದ 60 ಕಿಲೋಮೀಟರ್ ಬರುತ್ತದೆ. ಮೊದಲ ದಿನ ಶ್ಲೋಗನ್‌ನಲ್ಲಿ ನಿಲ್ಲುವುದು ಒಳ್ಳೆಯದು. ಅಲ್ಲಿ ಗಟ್ಟಿ ಬಂಡೆಯ ಬೆಟ್ಟಗಳ ನಡುವೆ ಸಿಕ್ಕಿಕೊಂಡ ನದಿ ಬಂದ ದಿಕ್ಕಿಗೇ ಹೊರಳಿದಂತೆ ಬಳಸಿ ಹರಿಯುತ್ತದೆ. ಕೆಳಗಿನಿಂದ ಈ ಸುತ್ತು ತಿಳಿಯುವುದೇ ಇಲ್ಲ. ಸೈಕಲ್‌ಗಳಿಗೆ ಬೀಗ ಹಾಕಿ ಕಾಡುದಾರಿಯಲ್ಲಿ ಅರ್ಧ ಗಂಟೆ ಏರಿದರೆ ನೋಟದ ಕಟ್ಟೆ ಸಿಗುತ್ತದೆ. ಎಡದಂಡೆಯಲ್ಲಿ ಬಂದವರಿಗೆ ಇಲ್ಲಿ ಸ್ವಲ್ಪ ದೂರ ದಾರಿಯೇ ಇಲ್ಲ. ಸೈಕಲ್ ಸಮೇತ ಕರೆದೊಯ್ಯುವ ಪುಟ್ಟ ದೋಣಿಯೊಂದು ನದಿಯನ್ನು ಅಡ್ಡ ದಾಟದೆ ಉದ್ದಕ್ಕೆ ಸಾಗಿ ಮುಂದಿನ ದಾರಿಗೆ ಮುಟ್ಟಿಸುತ್ತದೆ. ಈ ದೋಣಿಗಳು ಚಳಿಗಾಲದಲ್ಲಿ ಇರುವುದಿಲ್ಲ, ಸಂಜೆ ಬೇಗ ನಿಲ್ಲುತ್ತವೆ. ಚಿಲ್ಲರೆ ನಗದು ಕೈಯಲ್ಲಿರಲಿ.

ಲಿನ್ಜ್‌ಗೆ ಮೊದಲು ಓಟನ್ಸ್‌ಹೈಮ್‌ನಲ್ಲಿ ಇನ್ನೊಂದು ದೋಣಿ ಇದೆ. ಅದಕ್ಕೆ ಎಂಜಿನ್ ಇಲ್ಲ. ನದಿಗೆ ಅಡ್ಡ ಕಟ್ಟಿದ ಉಕ್ಕಿನ ಹಗ್ಗಕ್ಕೆ ತಗುಲಿಕೊಂಡು ಹರಿವಿನ ಬಲದಲ್ಲೇ ದಾಟುತ್ತದೆ.

ಲಿನ್ಜ್ ದಾಟಿ ಸುಮಾರು 25 ಕಿಲೋಮೀಟರ್‌ಗೆ ಮೌಟ್‌ಹೌಸನ್ ಬರುತ್ತದೆ. ಇಡೀ ದಾರಿಯಲ್ಲಿ ದಂಡೆ ಬಿಟ್ಟು ಬೆಟ್ಟ ಹತ್ತಲೇಬೇಕಾದ ಜಾಗವೆಂದರೆ ಇದೇ. 1938ರಿಂದ 1945ರವರೆಗೆ ನಾಜಿಗಳು ಇಲ್ಲಿ ಯಾತನಾ ಶಿಬಿರ ನಡೆಸಿದರು. ಈ ಶಿಬಿರ ಮತ್ತು ಅದರ ಉಪಶಿಬಿರಗಳಲ್ಲಿ ಸುಮಾರು 1,90,000 ಜನರನ್ನು ಕೂಡಿಹಾಕಲಾಗಿತ್ತು, ಕನಿಷ್ಠ 90,000 ಜನ ಸತ್ತರು. ಕೈದಿಗಳು ಕಲ್ಲಿನ ಗಣಿಯಿಂದ ಭಾರದ ದಿಮ್ಮಿಗಳನ್ನು ಹೊತ್ತು ಹತ್ತುತ್ತಿದ್ದ 186 ಮೆಟ್ಟಿಲುಗಳು ಈಗಲೂ ಇವೆ. ಪ್ರವೇಶಕ್ಕೆ ದುಡ್ಡಿಲ್ಲ. ಏರು ಕಡಿದು, ಸೈಕಲ್ ತಳ್ಳಿಕೊಂಡೇ ಹೋಗಬೇಕಾದೀತು. ಅರ್ಧ ದಿನ ಇದಕ್ಕೇ ಮೀಸಲಿಟ್ಟು, ಆ ರಾತ್ರಿ ಹತ್ತಿರದಲ್ಲೇ ಉಳಿಯುವುದು ಸರಿ. ಇಲ್ಲಿಂದ ಹೊರಬಂದವರಿಗೆ ಇನ್ನೂ 30 ಕಿಲೋಮೀಟರ್ ತುಳಿಯುವ ಮನಸ್ಸು ಉಳಿದಿರುವುದಿಲ್ಲ.

ಮುಂದಿನ ಗ್ರೈನ್ ಪುಟ್ಟ ಊರು, 1791ರ ನಾಟಕಶಾಲೆ ಅಲ್ಲಿದೆ. ಈ ಕಣಿವೆಯ ಸುಳಿಗಳಿಗೆ ಹಿಂದಿನ ದೋಣಿಯವರು ಹೆದರುತ್ತಿದ್ದರು. 1959ರಲ್ಲಿ ಪೂರ್ಣಗೊಂಡ ಕೆಳಗಿನ ಅಣೆಕಟ್ಟು ನೀರನ್ನು ಸುಮ್ಮನಾಗಿಸಿದೆ. ಮೆಲ್ಕ್‌ನ ಬಂಡೆಯ ಮೇಲಿನ ಹಳದಿ ಮಠ ದೂರದಿಂದಲೇ ಕಾಣುತ್ತದೆ. ಬೆನೆಡಿಕ್ಟೈನ್ ಸನ್ಯಾಸಿಗಳು ಅಲ್ಲಿಗೆ ಬಂದದ್ದು 1089ರಲ್ಲಿ, ಈಗಿನ ಕಟ್ಟಡ 18ನೆಯ ಶತಮಾನದ್ದು.

ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ವಾಖಾವ್ ಕಣಿವೆ ಬರೀ 36 ಕಿಲೋಮೀಟರ್. ಮೂರು ಗಂಟೆಯಲ್ಲಿ ದಾಟಿಬಿಡಬಹುದು, ಆದರೆ ಹಾಗೆ ಮಾಡುವುದು ದೊಡ್ಡ ನಷ್ಟ. ಬಿಡುವಿನ ಎರಡು ದಿನಗಳಲ್ಲಿ ಒಂದು ಇಲ್ಲಿಗೇ ಸಲ್ಲಬೇಕು. 2000ದಿಂದ ಯುನೆಸ್ಕೋ ಪಟ್ಟಿಯಲ್ಲಿರುವ ಈ ಕಣಿವೆಯಲ್ಲಿ ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆಗಳ ಮೆಟ್ಟಿಲು ಹೊಲಗಳಲ್ಲಿ ದ್ರಾಕ್ಷಿ ಬೆಳೆಯುತ್ತಾರೆ, ತಗ್ಗಿನಲ್ಲಿ ಏಪ್ರಿಕಾಟ್. ಜುಲೈ ನಡುವಿಗೆ ಹಣ್ಣು ಮಾಗಿದಾಗ ತೋಟದವರೇ ದಾರಿಬದಿಯಲ್ಲಿ ಮಾರುತ್ತಾರೆ. ಎಡದಂಡೆಯಲ್ಲಿ ಹೆಸರುವಾಸಿ ಊರುಗಳು, ಜನವೂ ಹೆಚ್ಚು, ಬಲದಂಡೆ ನಿಶ್ಶಬ್ದ. ಒಂದು ದಿನ ಆ ದಡ, ಮರುದಿನ ಈ ದಡ ಎಂದು ದೋಣಿಯಲ್ಲಿ ದಾಟಿ ಎರಡನ್ನೂ ನೋಡಬೇಕು. ಡ್ಯುರ್ನ್‌ಸ್ಟೈನ್ ಊರಿನ ಮೇಲಿನ ಹಾಳು ಕೋಟೆಯಲ್ಲಿ 1192–93ರಲ್ಲಿ ಇಂಗ್ಲೆಂಡಿನ ರಾಜ ಒಂದನೆಯ ರಿಚರ್ಡ್ ಸೆರೆಯಲ್ಲಿದ್ದ. ಈ ಕಣಿವೆಯಲ್ಲಿ ಹೆಜ್ಜೆ ಹೆಜ್ಜೆಗೂ ವೈನ್ ಕೈಗೆ ಬರುತ್ತದೆ. ಕುಡಿದು ಸೈಕಲ್ ಓಡಿಸುವುದಕ್ಕೆ ಆಸ್ಟ್ರಿಯಾದಲ್ಲಿ ಕಾನೂನಿನ ಮಿತಿಯಿದೆ, ದಂಡ ದೊಡ್ಡದು. ಗ್ಲಾಸು ಎತ್ತುವುದು ಸೈಕಲ್ ನಿಲ್ಲಿಸಿದ ಮೇಲಿನ ಸಂಜೆಗಿರಲಿ.

ಊಟದ ಮಾತು. ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ, ಆದರೆ ಕೇಳಿ ತಿಳಿಯಬೇಕು. ಅಲ್ಲಿ ಮೊಟ್ಟೆಯೂ ಸಸ್ಯಾಹಾರವೇ. ತರಕಾರಿ ಸೂಪಿಗೂ ಆಲೂಗಡ್ಡೆ ಸಲಾಡಿಗೂ ಮಾಂಸದ ಸಾರು ಬಿದ್ದಿರಬಹುದು. ಚೀಸ್ ಬೆರೆಸಿದ ‘ಕೇಸೆಶ್ಪೆಟ್ಸ್‌ಲೆ’, ಇಡೀ ಏಪ್ರಿಕಾಟ್ ಹಣ್ಣನ್ನು ಹಿಟ್ಟಿನೊಳಗಿಟ್ಟು ಕಡುಬಿನಂತೆ ಬೇಯಿಸುವ ‘ಮರಿಲ್ಲೆನ್‌ಕ್ನೋಡೆಲ್’ ಹಸಿದವರನ್ನು ಕೈಬಿಡುವುದಿಲ್ಲ. ನಲ್ಲಿ ನೀರನ್ನು ಧೈರ್ಯವಾಗಿ ಕುಡಿಯಬಹುದು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಸಂಜೆಯೇ ಬ್ರೆಡ್ಡು, ಹಣ್ಣು ಚೀಲಕ್ಕೆ ಸೇರಬೇಕು. ಊರಿನಿಂದ ಚಟ್ನಿಪುಡಿ ಒಯ್ಯಲು ಅಡ್ಡಿಯಿಲ್ಲ. ಹಾಲಿನ ಪದಾರ್ಥ, ಮಾಂಸವನ್ನು ಭಾರತದಿಂದ ಯೂರೋಪ್ ಒಕ್ಕೂಟದೊಳಗೆ ತರುವಂತಿಲ್ಲ. ತುಪ್ಪದ ಡಬ್ಬಿ, ಧಾರವಾಡ ಪೇಡ ಮನೆಯಲ್ಲೇ ಉಳಿಯಲಿ.

ಕ್ರೆಮ್ಸ್ ನಂತರ ಕಣಿವೆ ಮುಗಿದು ಬಯಲು ತೆರೆದುಕೊಳ್ಳುತ್ತದೆ. ಬಲದಂಡೆಯಲ್ಲಿ ಹೋದವರಿಗೆ ಟುಲ್ನ್‌ಗೆ ಮೊದಲು ಜ್ವೆಂಟನ್‌ಡಾರ್ಫ್ ಅಣುಸ್ಥಾವರ ಎದುರಾಗುತ್ತದೆ. ಕಟ್ಟಿ ಮುಗಿಸಿದ ಮೇಲೆ 1978ರ ನವೆಂಬರ್‌ನಲ್ಲಿ ಜನಮತ ಕೇಳಿದರು; ಶೇಕಡಾ 50ಕ್ಕಿಂತ ಚೂರೇ ಹೆಚ್ಚು ಜನ ಬೇಡ ಎಂದರು. ಅದು ಒಂದು ದಿನವೂ ಓಡಲಿಲ್ಲ. ಟುಲ್ನ್‌ನಿಂದ ಸುಮಾರು 40 ಕಿಲೋಮೀಟರ್‌ಗೆ ವಿಯೆನ್ನಾ. ದಾರಿ ಕ್ಲೋಸ್ಟರ್‌ನೊಯ್‌ಬರ್ಗ್ ಮಠದ ಬಳಿ ಹಾದು, ಕಾಲುವೆ ದಂಡೆ ಹಿಡಿದು ನಗರದ ಒಳಗೆ ಬಿಡುತ್ತದೆ.

ಸೈಕಲ್ ಒಪ್ಪಿಸಿದ ಮರುದಿನ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯಕ್ಕೆ ಹೋಗುವುದನ್ನು ತಪ್ಪಿಸಬಾರದು. ವಾಖಾವ್‌ನ ಎಡದಂಡೆಯಲ್ಲಿ ದಾಟಿ ಬಂದ ವಿಲೆನ್‌ಡಾರ್ಫ್ ಎಂಬ ಹಳ್ಳಿಯಲ್ಲಿ 1908ರಲ್ಲಿ ಅಗೆದಾಗ ಸಿಕ್ಕ, ಸುಮಾರು 30,000 ವರ್ಷ ಹಳೆಯ ಸ್ತ್ರೀ ವಿಗ್ರಹ ಅಲ್ಲಿದೆ. ಎತ್ತರ 11 ಸೆಂಟಿಮೀಟರ್, ಅಂಗೈಯಲ್ಲಿ ಹಿಡಿಯುವಷ್ಟು. ಮಂಗಳವಾರ ಸಾಮಾನ್ಯವಾಗಿ ಸಂಗ್ರಹಾಲಯಕ್ಕೆ ರಜೆ. ವಾಪಸು ವಿಮಾನದ ಟಿಕೆಟನ್ನು ಅದಕ್ಕೆ ತಕ್ಕಂತೆ ತೆಗೆಸಬೇಕು.